ಮಂಜು ಬಂತು

ನಮ್ಮ ಆಂಬುಲೆನ್ಸ್ ಶೆಡ್ಡಿನಲ್ಲಿ ಭಾವನನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಒಂದೇಟು ಎನ್ನುತ್ತಿದ್ದರು. ಉಸಿರು ನಿಂತವರ ಗಂಟಲಿಗೆ ಪೈಪು ಇಳಿಸುವುದಕ್ಕೆ ಅವನಿಗೆ ಎರಡನೇ ಪ್ರಯತ್ನ ಬೇಕಾಗುವುದಿಲ್ಲ ಎಂದು ಅದರ ಅರ್ಥ. ಬೇಕಾಗಿತ್ತೋ ಇಲ್ಲವೋ, ನೋಡಿದವರು ಯಾರು?

ಗಂಟಲಲ್ಲಿ ಎರಡು ದಾರಿಗಳಿವೆ. ಒಂದು ಶ್ವಾಸಕೋಶಕ್ಕೆ, ಇನ್ನೊಂದು ಹೊಟ್ಟೆಗೆ. ಪೈಪು ಯಾವ ದಾರಿ ಹಿಡಿಯಿತು ಎಂಬುದು ಹೊರಗಿನಿಂದ ಕಾಣುವುದಿಲ್ಲ. ಭಾವ ತಲೆ ಓರೆ ಮಾಡಿ ಪೈಪಿನೊಳಗೆ ನೋಡುತ್ತಿದ್ದ. ಉಸಿರಿನ ಹಬೆ ಕಟ್ಟಿದ್ದು ಕಂಡರೆ "ಮಂಜು ಬಂತು" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಎತ್ತಿ, ಗಾಡಿಗೆ ಹಾಕಿ, ಹೊರಡಿ. ಆಸ್ಪತ್ರೆಗೆ ಹೋಗಿಯೂ ಉಳಿಯದವರ ವಿಷಯದಲ್ಲಿ "ತಡವಾಗಿತ್ತು" ಎನ್ನುತ್ತಿದ್ದೆವು. ಹೋದ ವರ್ಷ ನಮ್ಮ ಬೀದಿಯ ಸಲೂನಿನವನು ಕತ್ತರಿ ಹಿಡಿದುಕೊಂಡೇ ಬಿದ್ದಾಗಲೂ ಭಾವನೇ ಪೈಪು ಹಾಕಿದ್ದ. ಅವನಿಗೂ ತಡವಾಗಿತ್ತು. ಈಗ ಆ ಸಲೂನನ್ನು ಅವನ ಹೆಂಡತಿ ನಡೆಸುತ್ತಾಳೆ. ಭಾವ ಕೂದಲು ಕತ್ತರಿಸಿಕೊಳ್ಳಲು ಅಲ್ಲಿಗೇ ಹೋಗುತ್ತಾನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾನು ಇರುವುದು ಅವನ ಮನೆಯಲ್ಲಿ, ದುಡಿಯುವುದು ಅವನ ಗಾಡಿಯಲ್ಲಿ, ಅವನ ಎಡಗೈಯಾಗಿ. ಗಾಡಿ ಓಡಿಸುವವನಿಗೆ ಹಾರ್ನ್ ಎಂದು ಅಡ್ಡಹೆಸರು. ಸೈರನ್ ಇದ್ದರೂ ಅವನಿಗೆ ಹಾರ್ನ್ ಬಿಡುವುದಕ್ಕಾಗುವುದಿಲ್ಲ. ಬಿಸಿ ಚಹಾದ ಲೋಟ ಎತ್ತಿದಾಗಲೆಲ್ಲ ಅದರ ಗಾಜು ನೋಡಿ "ಮಂಜು ಬಂತಪ್ಪೋ, ಎತ್ತಿ!" ಎಂದು ಕೂಗುತ್ತಿದ್ದ. ಶೆಡ್ಡೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ಆಮೇಲೆ ತರಬೇತಿಗೆಂದು ಒಬ್ಬ ಮೇಡಂ ಬಂದರು. ಅಂಗೈಯಗಲದ ಒಂದು ಪೆಟ್ಟಿಗೆ ತಂದಿದ್ದರು. ಅದನ್ನು ಪೈಪಿನ ಬಾಯಿಗೆ ಸಿಕ್ಕಿಸಬೇಕು.

"ಇದಕ್ಕೆ ಮಂಜು ಗೊತ್ತಾಗಲ್ಲ," ಎಂದರು. "ನಾವು ಉಸಿರು ಹೊರಗೆ ಬಿಡ್ತೀವಲ್ಲ, ಆ ಕೆಟ್ಟ ಗಾಳಿ ಮಾತ್ರ ಗೊತ್ತಾಗುತ್ತೆ. ಪೈಪು ಶ್ವಾಸಕೋಶದ ದಾರೀಲಿದ್ರೆ ಇದರ ಪರದೆ ಮೇಲಿನ ಗೆರೆ ಗುಡ್ಡ ಗುಡ್ಡವಾಗಿ ಏಳುತ್ತೆ. ಹೊಟ್ಟೇಲಿದ್ರೆ ಮಲಗಿಬಿಡುತ್ತೆ. ಕಂಡೋರು 'ಗೆರೆ ಮಲಗಿದೆ' ಅನ್ನಬೇಕು. ಅಂದ ತಕ್ಷಣ ಪೈಪು ಕೀಳಬೇಕು. ಹಾಕಿದೋರು ಯಾರು, ಅಂದೋರು ಯಾರು, ಆ ಮಾತೇ ಬೇಡ."

"ಮೇಡಂ, ನನ್ನ ಹಣೆ ಮೇಲಿನ ಗೆರೆ ಹುಟ್ಟಿದಾಗಿಂದ ಮಲಗೇ ಇದೆ," ಎಂದ ಹಾರ್ನ್.

ಮೇಡಂ ಕೂಡ ನಕ್ಕರು. ಭಾವ ನಗಲಿಲ್ಲ. "ನಂಗೆ ಕಣ್ಣಿದೆ," ಎಂದ.

"ಕಣ್ಣೂ ಇರಲಿ, ಪೆಟ್ಟಿಗೇನೂ ಇರಲಿ."

ಇನ್ನೊಂದು ಸಾಮಾನು ತೋರಿಸಿದರು. ಅದರ ತುದಿಯಲ್ಲಿ ಮೆತ್ತನೆಯ ಬಟ್ಟಲಿತ್ತು. ಉಸಿರಿನ ದಾರಿಯೊಳಗೆ ಇಳಿಯದೆ, ಅದರ ಬಾಯಿಯ ಮೇಲೆ ಕೂರುವಂಥದ್ದು. ಪೈಪು ಇಳಿಸಲು ಆಗದಿದ್ದರೆ ಹಟ ಮಾಡಬೇಡಿ, ಇದನ್ನು ಹಾಕಿ ಎಂದರು. ನಮ್ಮವರು ಅಲ್ಲೇ ಅದಕ್ಕೆ ದಿಂಬು ಎಂದು ಹೆಸರಿಟ್ಟರು. "ದಿಂಬು ಮಲಗೋರಿಗೆ," ಎಂದ ಭಾವ. ಈ ಸಲ ಎಲ್ಲರೂ ನಕ್ಕರು, ಮೇಡಂ ಒಬ್ಬರನ್ನು ಬಿಟ್ಟು.

ಅವರು ಹೋದ ಮೇಲೆ ಶೆಡ್ಡಿನ ಮೇಲ್ವಿಚಾರಕ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಒಡೆದರೆ ಯಾರು ಉತ್ತರ ಕೊಡೋದು ಎಂದ. ಜನ ಸತ್ತರೆ ಉತ್ತರ ಕೇಳುವವರಿಲ್ಲ, ಪೆಟ್ಟಿಗೆ ಒಡೆದರೆ ಕೇಳುತ್ತಾರೆ. ನಾನು ದಿನಾ ಬೆಳಿಗ್ಗೆ ಅವನ ಹತ್ತಿರ ಬೀಗದ ಕೈಗೆ ಜಗಳ ಆಡಿ ಪೆಟ್ಟಿಗೆ ಗಾಡಿಗೆ ತರುತ್ತಿದ್ದೆ. ಭಾವ ಅದನ್ನು ಕಂಬಳಿಗಳ ಕೆಳಗೆ ತಳ್ಳುತ್ತಿದ್ದ. ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಸಂಜೆ ಒಂದೇ ಮೇಜಿನ ಮುಂದೆ ಕೂತು ಉಣ್ಣಬೇಕಲ್ಲ.

ಅವತ್ತು ಮಧ್ಯಾಹ್ನ ಒಂದು ಲಾಂಡ್ರಿಯಿಂದ ಕರೆ ಬಂತು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಶೆಡ್ಡು. ಇಸ್ತ್ರಿ ಯಂತ್ರದ ಹೆಂಗಸಿಗೆ ಕರೆಂಟ್ ಹೊಡೆದಿತ್ತು. ಮೇನ್ ಆಫ್ ಮಾಡಿದ್ದರೂ ಬಾಯ್ಲರಿನ ಹಬೆ ನಿಂತಿರಲಿಲ್ಲ. ಒಳಗೆ ಹೋಗುತ್ತಲೇ ಹಾರ್ನ್‌ನ ಕನ್ನಡಕ ಬೆಳ್ಳಗಾಯಿತು. ಮೇಲೆ ತಂತಿಗಳ ಉದ್ದಕ್ಕೂ ಬಿಳಿ ಬಟ್ಟೆ. ಕೆಳಗೆ ಒದ್ದೆ ಸಿಮೆಂಟಿನ ಮೇಲೆ ಅವಳು. ಪಕ್ಕದ ಯಂತ್ರದಲ್ಲಿ ಕೆಲಸ ಮಾಡುವ ಅವಳ ನಾದಿನಿ ಎದೆ ಒತ್ತುತ್ತಿದ್ದಳು. ತಪ್ಪಾಗಿ ಒತ್ತುತ್ತಿದ್ದಳು, ಆದರೆ ನಿಲ್ಲಿಸಿರಲಿಲ್ಲ.

ಅವಳನ್ನು ಒಣ ಜಾಗಕ್ಕೆ ಎಳೆದು, ಎದೆ ಒರೆಸಿ, ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಪಟ್ಟಿ ಅಂಟಿಸಿದೆವು.

"ಕರೆಂಟ್ ಹೊಡೆದೋಳಿಗೆ ಮತ್ತೆ ಕರೆಂಟಾ? ನಿಮಗೇನು ತಲೆ ಕೆಟ್ಟಿದ್ಯಾ?" ನಾದಿನಿ ನನ್ನ ತೋಳು ಹಿಡಿದು ಜಗ್ಗಿದಳು.

"ಕೈ ಬಿಡಮ್ಮ, ನಿಂಗೂ ಹೊಡೆಯುತ್ತೆ," ಎಂದು ಹಾರ್ನ್ ಅವಳನ್ನು ಹಿಂದಕ್ಕೆಳೆದ.

ಒಮ್ಮೆ ಶಾಕ್ ಕೊಟ್ಟೆವು. ಭಾವ ಎದೆ ಒತ್ತಿದ, ನಾನು ಮೂಗು ಬಾಯಿಗೆ ಮಾಸ್ಕ್ ಹಿಡಿದು ಗಾಳಿಚೀಲ ಒತ್ತಿದೆ. ಮತ್ತೊಮ್ಮೆ ಕೊಟ್ಟೆವು. ಕತ್ತಿನಲ್ಲಿ ನಾಡಿ ಹತ್ತಿತು. ಉಸಿರು ಮಾತ್ರ ತಾನಾಗಿ ಬರಲಿಲ್ಲ. ಹೃದಯ ತಿರುಗಿ ಬಂದಾಗಿತ್ತು, ಗಾಳಿ ಕೊಡುವುದು ನಮ್ಮ ಕೆಲಸ. ನಾನು ಒತ್ತಿದಾಗಲೆಲ್ಲ ಅವಳ ಎದೆ ಏಳುತ್ತಿತ್ತು. ಹಾಗೇ ಹೊರಡಬಹುದಿತ್ತು.

"ಸರಿ ಆ ಕಡೆ," ಎಂದ ಭಾವ.

ಪೈಪು ಇಳಿಸಿದ. ಎಂದಿನಂತೆ ಒಂದೇ ಏಟು. ತಲೆ ಓರೆ ಮಾಡಿ ನೋಡಿದ. "ಮಂಜು ಬಂತು. ಎತ್ತು."

ಎಲ್ಲೆಲ್ಲೂ ಮಂಜೇ ಬಂದಿತ್ತು. ಹಾರ್ನ್‌ನ ಕನ್ನಡಕದ ಮೇಲೆ, ಇಸ್ತ್ರಿ ಯಂತ್ರದ ಮೇಲೆ, ನಾವು ಇನ್ನೂ ತೆಗೆಯದ ಔಷಧಿ ಬಾಟಲಿಯ ಮೇಲೆ. ಕಂಬಳಿಗಳ ಕೆಳಗಿನಿಂದ ಎತ್ತಿಕೊಂಡು ಬಂದಿದ್ದ ಪೆಟ್ಟಿಗೆಯನ್ನು ನಾನು ಪೈಪಿನ ಬಾಯಿಗೆ ಸಿಕ್ಕಿಸಿ ಚೀಲ ಒತ್ತಿದೆ.

"ಗೆರೆ ಮಲಗಿದೆ," ಎಂದೆ.

"ಹಬೆ ಹೊಕ್ಕಿದೆ ಅದಕ್ಕೆ. ಒರೆಸು."

ಒರೆಸಿ ಮತ್ತೆ ಸಿಕ್ಕಿಸಿದೆ. ಚೀಲ ಒತ್ತಿದೆ. ಎದೆ ಏಳಲಿಲ್ಲ. ಏಪ್ರನ್ನಿನ ಕೆಳಗೆ ಹೊಟ್ಟೆ ಎದ್ದಿತು.

"ಮಲಗಿದೆ ಭಾವ. ನಾಡಿ ಇರೋಳಿಗೆ ಗೆರೆ ಏಳಬೇಕು."

"ನಿನಗಿಂತ ಮುಂಚೆ ನಾನು ಈ ಕೆಲಸಕ್ಕೆ ಬಂದೋನು ಕಣೋ. ನನ್ನ ಪೈಪು ಅದು."

ನನ್ನ ಪೈಪು ಎಂದ. ಗಂಟಲು ಅವಳದು. ಅವಳ ತುಟಿ ಬಣ್ಣಗೆಡುತ್ತಿತ್ತು, ನನ್ನ ಬೆರಳ ಕೆಳಗೆ ನಾಡಿ ನಿಧಾನವಾಗುತ್ತಿತ್ತು. ಹಾರ್ನ್ ಕನ್ನಡಕ ತೆಗೆದು ಬಗ್ಗಿ ಪೆಟ್ಟಿಗೆ ನೋಡಿದ.

"ಒಂದೇಟು, ಮಲಗಿದೆ ಕಣಯ್ಯ," ಎಂದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಭಾವನ ಕೈ ಪೈಪು ಬಿಡಲಿಲ್ಲ. ನಾನು ಅವನ ಬೆರಳು ಬಿಡಿಸಿದೆ. ಅಕ್ಕನ ಗಂಡ, ಅನ್ನ ಹಾಕಿದವನು, ಎಲ್ಲ ನೆನಪಿತ್ತು. ಪೈಪಿನ ತುದಿಯ ಬಲೂನಿನ ಗಾಳಿ ಇಳಿಸಿ, ಕಿತ್ತು ಪಕ್ಕಕ್ಕೆ ಎಸೆದೆ. ದಿಂಬು ಒಳಗೆ ತಳ್ಳಿ ಪೆಟ್ಟಿಗೆ ಸಿಕ್ಕಿಸಿ ಚೀಲ ಒತ್ತಿದೆ. ಎದೆ ಎದ್ದಿತು. ಪೆಟ್ಟಿಗೆಯಲ್ಲಿ ಒಂದು ಗುಡ್ಡ ಎದ್ದಿತು. ಅದರ ಹಿಂದೆ ಇನ್ನೊಂದು.

ಭಾವ ನನ್ನ ಕೈಯಿಂದ ಚೀಲ ತೆಗೆದುಕೊಂಡ. ದಾರಿಯುದ್ದಕ್ಕೂ ತಾನೇ ಒತ್ತಿದ. ಕಣ್ಣು ಪೆಟ್ಟಿಗೆಯ ಮೇಲೆಯೇ ಇತ್ತು.

ಆಸ್ಪತ್ರೆಯವರು ಅವಳನ್ನು ಒಳಗೆ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಅವಳು ನಾದಿನಿಯ ಬೆರಳು ಹಿಡಿದಳಂತೆ. ನಾವು ವಿಚಾರಿಸಲು ಮತ್ತೆ ಹೋದಾಗ ನಾದಿನಿ ಹೊರಗೆ ಬಂದು, ವಯಸ್ಸಿನಲ್ಲಿ ದೊಡ್ಡವನೆಂದು ಭಾವನ ಎರಡೂ ಕೈ ಹಿಡಿದುಕೊಂಡಳು. "ಅಣ್ಣ, ನೀವಿಲ್ದಿದ್ರೆ..." ಎಂದು ಅತ್ತಳು. ಭಾವ ಕೈ ಬಿಡಿಸಿಕೊಳ್ಳಲಿಲ್ಲ. ನಾನಲ್ಲ, ಇವನು ಎನ್ನಲೂ ಇಲ್ಲ. ಅಲ್ಲಿ ನಿಂತಿದ್ದರೆ ಏನಾದರೂ ಅಂದುಬಿಡುತ್ತೇನೆ ಎಂದು ನಾನು ಗಾಡಿ ತೊಳೆಯಲು ಹೋದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮನೆಯಲ್ಲಿ ಅಕ್ಕ ತಟ್ಟೆ ಇಟ್ಟಳು. ನಮ್ಮಿಬ್ಬರ ಮುಖ ನೋಡಿದಳು.

"ಏನ್ರೋ ಇಬ್ರೂ, ಬಾಯಿಗೆ ಹೊಲಿಗೆ ಹಾಕಿಸ್ಕೊಂಡು ಬಂದಿದೀರಾ?"

"ನಿನ್ನ ತಮ್ಮ ಇವತ್ತು ನಾನು ಹಾಕಿದ ಪೈಪು ಕಿತ್ತ," ಎಂದ ಭಾವ.

"ಆಮೇಲೆ? ಉಳಿದರಾ?"

"ಹೂಂ."

"ಮತ್ತೆ ಈ ಮುಖ ಯಾಕೆ? ಊಟ ಮಾಡಿ."

ನಾನು ಬಾಯ್ತೆರೆಯಲು ತಯಾರಾಗಿದ್ದೆ. ಮಧ್ಯಾಹ್ನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ, ಒಂದಕ್ಕಿಂತ ಒಂದು ಖಾರ. ಭಾವ ತಟ್ಟೆ ಮುಟ್ಟಲಿಲ್ಲ. ನೀರಿನ ಲೋಟವನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ.

"ಸಲೂನಿನವನಿಗೂ ಮಂಜು ಬಂದಿತ್ತು," ಎಂದ.

"ಅವನಿಗೆ ತಡವಾಗಿತ್ತು ಅಂದಿದ್ರಲ್ಲ?" ಎಂದಳು ಅಕ್ಕ.

ಭಾವ ನನ್ನ ಕಡೆ ನೋಡಿದ. ಅವತ್ತು ಸಲೂನಿನ ನೆಲದ ಮೇಲೆ, ಕತ್ತರಿಸಿದ ಕೂದಲ ಮಧ್ಯೆ, ಚೀಲ ಒತ್ತಿದವನು ನಾನೇ. ನಾನು "ಹೌದು, ತಡವಾಗಿತ್ತು" ಎಂದಿದ್ದರೆ ಅವನು ಊಟ ಮಾಡುತ್ತಿದ್ದ. ಜೋಡಿಸಿಟ್ಟ ಮಾತಿನಲ್ಲಿ ಒಂದನ್ನು ಎಸೆದಿದ್ದರೆ ನಾನು ಊಟ ಮಾಡುತ್ತಿದ್ದೆ.

"ಗೊತ್ತಿಲ್ಲ ಭಾವ," ಎಂದೆ. "ಅವತ್ತು ಪೆಟ್ಟಿಗೆ ಇರಲಿಲ್ಲ."

ಮರುದಿನ ನಾನು ಬೀಗದ ಕೈಗೆ ಜಗಳ ಆಡಬೇಕಾಗಲಿಲ್ಲ. ಭಾವ ನನಗಿಂತ ಮುಂಚೆಯೇ ಶೆಡ್ಡಿಗೆ ಹೋಗಿದ್ದ. ಕಪಾಟು ತೆರೆದಿತ್ತು, ಪೆಟ್ಟಿಗೆ ಗಾಡಿಯಲ್ಲಿ ಪೈಪುಗಳ ಚೀಲದ ಮೇಲೆ ಕೂತಿತ್ತು. ಮೇಲ್ವಿಚಾರಕ ಭಾವನ ಕಡೆ ನೋಡದೆ ಓಡಾಡುತ್ತಿದ್ದ. ಹಾರ್ನ್ ಚಹಾ ಹಿಡಿದು ಬಂದ. ಲೋಟ ಎತ್ತಿ, ಬಾಯಿ ಅಗಲಿಸಿ, "ಮಂ..." ಎಂದವನು ಭಾವನ ಮುಖ ನೋಡಿದ. ಗಾಜನ್ನು ಹೆಬ್ಬೆರಳಲ್ಲಿ ಒರೆಸಿ ಸುಮ್ಮನೆ ಕುಡಿದ.