ಸಾಕ್ಸ್ ಹಾಕಿದ ಹಿರಿಯ ಜೀವ

ಹೆಮ್ಮಿಗೆಯ ಡೇರಿಯಲ್ಲಿ ಹಾಲು ಅಳೆಯುವ ಮರಿಸ್ವಾಮಿಗೆ ಮೂವತ್ತೆಂಟು ವರ್ಷ. ನೋಡಿದವರು ಎಪ್ಪತ್ತಕ್ಕೆ ಕಡಿಮೆ ಹೇಳುತ್ತಿರಲಿಲ್ಲ. ಎಲ್ಲೋ ಒಬ್ಬರಿಗೆ ಬರುವ ಅಕಾಲ ಮುಪ್ಪಿನ ಕಾಯಿಲೆ ಅದು. ಇಪ್ಪತ್ತೈದಕ್ಕೇ ತಲೆ ಬೆಳ್ಳಗಾಗಿ, ಆಮೇಲೆ ಕಣ್ಣಿನ ಪೊರೆಯನ್ನೂ ತೆಗೆಸಿದ್ದಾಗಿತ್ತು. ಅದಕ್ಕೆಲ್ಲ ಅವನೇನೂ ಬೇಜಾರು ಮಾಡಿಕೊಂಡವನಲ್ಲ. ಬಸ್ಸಿನಲ್ಲಿ ‘ಬನ್ನಿ ತಾತ’ ಎಂದು ಎದ್ದವರ ಸೀಟಿನಲ್ಲಿ ನಾಚಿಕೆಯಿಲ್ಲದೆ ಕೂತು, ಕಿಟಕಿ ಪಕ್ಕದ್ದು ಸಿಗಲಿಲ್ಲವೆಂದು ಗೊಣಗುತ್ತಿದ್ದ.

ಹೆದರಿಕೆಯಿದ್ದದ್ದು ಮೈಸೂರಿನ ಡಾಕ್ಟರ ಮಾತಿಗೆ. ಈ ಕಾಯಿಲೆಯವರಿಗೆ ಕ್ಯಾನ್ಸರ್ ಬೇಗ ಬರುವ ಸಂಭವ ಹೆಚ್ಚು, ಪಾದವನ್ನೂ ಉಗುರನ್ನೂ ನೋಡಿಕೊಳ್ಳುತ್ತಿರಿ, ಹೊಸ ಕಪ್ಪು ಕಲೆ ಕಂಡ ದಿನವೇ ಬನ್ನಿ ಎಂದು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದ್ದರು. ಹೋದ ತಿಂಗಳು ಎಡಗಾಲಿನ ಹೆಬ್ಬೆರಳ ಬಳಿ ಅಂಥದೊಂದು ಕಂಡಿತು. ಈ ಮಹಾಶಯ ಮಾಡಿದ್ದೇನು? ಟಿ. ನರಸೀಪುರಕ್ಕೆ ಹೋಗಿ ಸಾಕ್ಸ್ ತಂದ. ಹಿಮ್ಮಡಿ ಒಡೆದಿದೆ ಎಂದು ಹೆಂಡತಿ ಮಧುಶ್ರೀಗೆ ಸುಳ್ಳು ಹೇಳಿದ. ಕಣ್ಣಿಗೆ ಕಾಣದಿದ್ದರೆ ಇಲ್ಲವೆಂದೇ ಅವನ ಲೆಕ್ಕ.

ಹೀಗಿರುವಾಗ ನಂಜನಗೂಡಿನ ಛತ್ರದಲ್ಲಿ ಮಧುಶ್ರೀಯ ಚಿಕ್ಕಪ್ಪನ ಮಗಳ ಮದುವೆ ಬಂತು. ಗಂಡಿನ ಅಜ್ಜಿ, ಕವಲಂದೆಯ ಮುತ್ತಮ್ಮ, ಇಡೀ ಛತ್ರಕ್ಕೆ ಹಿರಿಯ ಜೀವ ಇದೇ ಎಂದು ತೀರ್ಮಾನಿಸಿ ಬೆಳಗ್ಗಿನಿಂದ ಎರಡು ಸಲ ಮರಿಸ್ವಾಮಿಯ ಕಾಲಿಗೆ ಬಿದ್ದಿದ್ದರು. ಅವನೂ ಗಂಭೀರವಾಗಿ ‘ಒಳ್ಳೇದಾಗ್ಲಿ ತಾಯಿ’ ಎಂದಿದ್ದ. ಧಾರೆ ಮುಗಿದದ್ದೇ ತಡ, ಹುಡುಗ ಹುಡುಗಿಯನ್ನು ಮೊದಲು ಅವನ ಮುಂದೆಯೇ ತಂದು ನಿಲ್ಲಿಸಿದರು. ಅವನ ನಿಜವಾದ ವಯಸ್ಸು ಗೊತ್ತಿದ್ದ ಮದುಮಗಳು ತಲೆ ತಗ್ಗಿಸಿ ನಗು ತಡೆದುಕೊಂಡಳು.

“ಅಣ್ಣಾ, ಕಾಲ್ಗೆ ಚೀಲ ಆಕ್ಕಂಡ್ರೆ ಆಸೀರ್ವಾದ ಎಂಗ್ ಇಳೀತದೆ?” ಎಂದು ಬಗ್ಗಿದ ಮುತ್ತಮ್ಮ, ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಎಡಗಾಲಿನದನ್ನು ಎಳೆದೇಬಿಟ್ಟರು. “ಅಯ್ಯೋ, ಮಸಿ ಅಂಟ್ಕಂಡದೆ!” ಸೆರಗಿನ ತುದಿ ಒದ್ದೆ ಮಾಡಿ ತಿಕ್ಕಿದರು. ಹೋಗಲಿಲ್ಲ. ಇನ್ನೂ ಜೋರಾಗಿ ತಿಕ್ಕಿದರು.

ಮಧುಶ್ರೀ ಕೈಯಲ್ಲಿದ್ದ ಅಕ್ಷತೆ ತಟ್ಟೆ ಕೆಳಗಿಟ್ಟು ಬಗ್ಗಿ ನೋಡಿದಳು. “ಏನ್ರೀ ಇದು? ಯಾವತ್ತಿಂದ?”

“ಓದ ತಿಂಗ್ಳಿಂದ. ಎದ್ರಿಕೆ ಆಯ್ತು ಕಣೇ,” ಎಂದ ಮರಿಸ್ವಾಮಿ.

ಅವಳು ಅಲ್ಲೇ ಅತ್ತುಬಿಟ್ಟಳು. “ಮೂವತ್ತೆಂಟಕ್ಕೇ ನನ್ ಬಿಟ್ಟೋಯ್ತೀರಾ?”

ಮುತ್ತಮ್ಮ ತಿಕ್ಕುವುದನ್ನು ನಿಲ್ಲಿಸಿದರು. “ಎಷ್ಟೂ? ಮೂವತ್ತೆಂಟಾ? ನನ್ ಕಡೇ ಮಗನ್ಗಿಂತ ಚಿಕ್ಕೋನು! ಲೇ, ಎಲ್ಡ್ ಸಲ ಕಾಲ್ಗೆ ಬೀಳುಸ್ಕಂಡ್ಯಲ್ಲೋ ನನ್ ಕೈಲಿ!”

ಸುತ್ತಲಿದ್ದವರೆಲ್ಲ ನಕ್ಕರು. ಮುತ್ತಮ್ಮ ನಗಲಿಲ್ಲ. “ಏಳ್ಲಾ ಮ್ಯಾಕೆ. ಈಗ ನೀನು ಬಗ್ಗು.”

ಮರಿಸ್ವಾಮಿ ಬಗ್ಗಿ ಅವರ ಪಾದ ಮುಟ್ಟಿದ. ಅವನ ಬಿಳಿ ತಲೆಯ ಮೇಲೆ ಕೈಯಿಟ್ಟು, “ನನ್ನಷ್ಟು ವಯಸ್ಸಾಗ್ಲಿ ಮಗ ನಿಂಗೆ. ಈಗ್ಲೇ ಆಸ್ಪತ್ರೆಗೆ ಓಗು,” ಎಂದರು ಮುತ್ತಮ್ಮ. ಅಲ್ಲಿಯವರೆಗೆ ಎಲ್ಲರಿಗೂ ಆಶೀರ್ವಾದ ಮಾಡುತ್ತಿದ್ದವನು ಇನ್ನೊಂದು ಸಲ ಅವರ ಪಾದ ಮುಟ್ಟಿದ.

ಗಂಡ ಹೆಂಡತಿ ಊಟಕ್ಕೂ ಕೂರದೆ ಮೈಸೂರಿನ ಬಸ್ಸು ಹತ್ತಿದರು. ಅವನ ಒಂದು ಕಾಲಿಗೆ ಸಾಕ್ಸ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಹುಡುಗಿಯೊಬ್ಬಳು ಎದ್ದು, “ಕೂತ್ಕೊಳ್ಳಿ ತಾತ,” ಎಂದಳು.

ಮರಿಸ್ವಾಮಿ ಕೂರಲಿಲ್ಲ. ಹೆಂಡತಿಯ ಕೈ ಬಿಗಿಯಾಗಿ ಹಿಡಿದುಕೊಂಡ. “ಬ್ಯಾಡ ಕಣವ್ವ. ನಾನಿನ್ನೂ ತಾತ ಆಗಿಲ್ಲ. ಆಗ್ಬೇಕು ಅಂತ್ಲೇ ಓಯ್ತಾ ಇವ್ನಿ.”