ನೀಲಿ ಕ್ಯಾನು, ಬೆಂದ ಸೇಬು

ಅತ್ತೆಗೆ ಹಲ್ಲು ಹೋಗಿತ್ತು, ಬಾಯಿಚಪಲ ಹೋಗಿರಲಿಲ್ಲ. ಸೊಸೆ ಹಣ್ಣಿನ ಗೋದಾಮಿನಲ್ಲಿ ಸೇಬು ಆರಿಸುವವಳು. ಏಟು ಬಿದ್ದಿದೆಯೆಂದು ಮೂಲೆಗೆಸೆದ ಹಣ್ಣುಗಳಲ್ಲಿ ಆರನ್ನು ಅಂದು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಮೂರು ಸಲ ತೊಳೆದು, ನಡುವಿನ ಬೀಜ ತೆಗೆದು, ಆ ಗುಂಡಿಗೆ ಸಕ್ಕರೆ, ಬೆಣ್ಣೆ, ಒಣದ್ರಾಕ್ಷಿ ತುಂಬಿ ಓವನ್ನಿನಲ್ಲಿಟ್ಟಳು.

“ಬೆಂತೇನೇ?”

“ಇಟ್ಟು ಐದು ನಿಮಿಷ ಆಗಿಲ್ಲ ಅತ್ತೆ.”

“ನನ್ನ ವಯಸ್ಸಿಗೆ ಐದು ನಿಮಿಷ ಅಂದ್ರೆ ಸುಮ್ನೆನಾ?”

ಸೊಸೆ ನಕ್ಕಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಜೊತೆಗೆ ಸೇಬು ಆರಿಸುವ ನಾಲ್ವರಿಗೂ ಈ ಅಡುಗೆಯನ್ನೇ ಹೇಳಿಕೊಟ್ಟಿದ್ದಳು. ಅವರೂ ಚೀಲ ತುಂಬಿಕೊಂಡೇ ಮನೆಗೆ ಹೋಗಿದ್ದರು.

ಗೋದಾಮಿನೊಳಗಿನ ಥಂಡಿಗೆ ಜೊತೆಯವರಂತೆ ಅವಳ ಮೂಗೂ ಸದಾ ಕಟ್ಟಿರುತ್ತಿತ್ತು. ಅತ್ತೆಗೆ ವಾಸನೆ ತಿಳಿಯದೆ ವರ್ಷಗಳಾಗಿದ್ದವು. ಸೇಬು ಬೆಂದ ಮೇಲೆ ಮುದುಕಿ ಊದಿ ಊದಿ ಚಮಚವನ್ನು ಬಾಯಿಗೆ ಒಯ್ಯುವಷ್ಟರಲ್ಲಿ, ಅದೇ ಗೋದಾಮಿನ ಅಂಗಳ ಗುಡಿಸುವ ನಾದಿನಿ ಒಳಬಂದು ಬಾಗಿಲಲ್ಲೇ ನಿಂತಳು.

“ಅತ್ತಿಗೆ, ಏನಿದು? ಅಂಗಳದ ಹುಲ್ಲು ಸುಡೋ ಔಷಧಿ ವಾಸನೆ!”

ಸೊಸೆ ಅತ್ತೆಯ ಕೈಗೆ ಫಟ್ಟನೆ ಹೊಡೆದಳು. ಚಮಚ ಗೋಡೆಗೆ ಬಡಿಯಿತು. ಅತ್ತೆಯ ಮೇಲೆ ಅವಳು ಕೈಯೆತ್ತಿದ್ದು ಅದೇ ಮೊದಲು.

ಎಸೆದ ಹಣ್ಣಿಗೆ ದಿನವೂ ನೀಲಿ ಕ್ಯಾನಿನ ನೀರು ಚಿಮುಕಿಸುವುದು ಸೊಸೆಯದೇ ಕೆಲಸ. ನೊಣ ಕೂರದಿರಲೆಂದು ಸೋಪಿನ ನೀರು ಎಂದಿದ್ದ ಮೇಲ್ವಿಚಾರಕ. ಅವನಿಗೆ ಫೋನು ಹಚ್ಚಿದಳು.

“ಸೋಪಿನ ನೀರಾದ್ರೆ ನೀವು ತೊಳ್ಕೊಂಡು ತಿಂತೀರಲ್ಲಮ್ಮ! ಅದಕ್ಕೇ ಇವತ್ತಿಂದ ಕ್ಯಾನಿಗೆ ಹುಲ್ಲಿನ ಔಷಧಿ ಹಾಕಿದ್ವಿ. ಹಣ್ಣಿಗೆ ಹೊಡೆದಿದ್ದು ನೀನೇ ತಾನೆ?” ಎಂದು ನಕ್ಕ.

ಅವಳೇ ಹೊಡೆದಿದ್ದಳು. ಅವಳೇ ಹೇಳಿಕೊಟ್ಟಿದ್ದಳು. ನಾದಿನಿ ಆ ನಾಲ್ವರಿಗೂ ಒಬ್ಬೊಬ್ಬರಾಗಿ ಫೋನು ಮಾಡಿದಳು. ಮೂವರು ಎತ್ತಿದರು, ಯಾರೂ ಇನ್ನೂ ಬಾಯಿಗಿಟ್ಟಿರಲಿಲ್ಲ. ಕೆಲಸದಲ್ಲಿ ನಿಧಾನವೆಂದು ಎಲ್ಲರೂ ‘ಆಮೆ’ ಎಂದು ಕರೆಯುವ ಹಿಂದಿನ ಬೀದಿಯವಳು ಮಾತ್ರ ಎತ್ತಲಿಲ್ಲ. ಅವಳಿಗೆ ಇಬ್ಬರು ಪುಟ್ಟ ಮಕ್ಕಳು.

ಸೊಸೆ ಬರಿಗಾಲಲ್ಲೇ ಓಡಿ, ಎರಡೂ ಕೈಯಿಂದ ಕದ ಬಡಿದಳು. ಆಮೆ ಚಾಕು ಹಿಡಿದೇ ಬಾಗಿಲು ತೆಗೆದಳು.

“ಇನ್ನೂ ಬೀಜಾನೇ ತೆಗೀತಿದೀನಿ ಕಣೇ. ಇಲ್ಲಿಗೂ ಬಂದು ಅವಸರ ಮಾಡ್ತೀಯಲ್ಲ!”

ಸೊಸೆ ಅವಳ ಕೈಯ ಚಾಕು ಕಿತ್ತುಕೊಂಡು ಹೊಸ್ತಿಲ ಮೇಲೆ ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಆಮೆಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮೇಲ್ವಿಚಾರಕನ ಮೇಜಿನ ಮೇಲೆ ಐದು ತಟ್ಟೆಗಳಿದ್ದವು. ನಾಲ್ಕರಲ್ಲಿ ಬೆಂದ ಸೇಬು, ಒಂದರಲ್ಲಿ ಹಸಿಯದು. ಸುತ್ತ ಐದು ಜನ ಹೆಂಗಸರು. ಹಣ್ಣು ಆರಿಸುವ ಯಂತ್ರದ ಬೆಲ್ಟು ನಿಂತಿತ್ತು.

ಸೊಸೆ ಅವನ ಕೈಗೆ ಚಮಚ ಇಟ್ಟಳು.

“ಹೊಡೆದಿದ್ದು ನಾನೇ ಸಾಹೇಬ್ರೆ. ಈಗ ತಿನ್ನಿ.”

ಅವನು ಕುರ್ಚಿಯನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ತಳ್ಳಿದ. ಒಬ್ಬಳೂ ದಾರಿ ಬಿಡಲಿಲ್ಲ.