ಎರಡು ಬಿಲ್ಲೆಗಳ ನಡುವೆ

ನಮ್ಮ ಲ್ಯಾಬಿನಲ್ಲಿ ಯಾರ ಅವಸರವೂ ನಡೆಯುವುದಿಲ್ಲ. ರೋಗಾಣು ಬೆಳೆದು ಕಣ್ಣಿಗೆ ಕಾಣಲು ಒಂದು ರಾತ್ರಿ ಬೇಕೇ ಬೇಕು. ರಿಪೋರ್ಟು ಎಲ್ಲಿ ಎಂದು ಫೋನಿನಲ್ಲಿ ಜೀವ ತಿನ್ನುವ ಡಾಕ್ಟರುಗಳಿಗೆ, "ನೀವೇ ಬಂದು ಜೋರು ಮಾಡಿ, ಬೇಗ ಬೆಳೀಬಹುದು" ಎಂದು ಫೋನಿಟ್ಟವಳು ನಾನು.

ಗುಬ್ಬಿಯ ಅಪ್ಪನ ರಕ್ತ ಬಂದಾಗ ಮಾತ್ರ ನನ್ನ ಬಾಯಿ ಕಟ್ಟಿತು. ಗುಬ್ಬಿ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ. ಸದಾ ಚಿಲಿಪಿಲಿ, ಅದಕ್ಕೇ ಆ ಹೆಸರು. ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಿ, ಗಾಯದ ಸೋಂಕು ರಕ್ತಕ್ಕೆ ಏರಿತ್ತು. ಪ್ಲೇಟಿನಲ್ಲಿ ಆ ರೋಗಾಣು ಹರಡಿ, ಮೇಲೆ ಒಂದೊಂದು ಆಂಟಿಬಯೋಟಿಕ್ಕಿನ ಪುಟ್ಟ ಕಾಗದದ ಬಿಲ್ಲೆ ಇಟ್ಟೆವು. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ಜಾಗ ಉಳಿಯಬೇಕು. ಒಂದಕ್ಕೂ ಉಳಿಯಲಿಲ್ಲ.

"ಅಕ್ಕಾ, ಎರಡನ್ನ ಅಕ್ಕಪಕ್ಕ ಇಟ್ಟು ನೋಡೋಣ್ವಾ? ಒಂದು ಔಷಧಿ ರೋಗಾಣುವಿನ ಗೋಡೆ ಒಡೆದ್ರೆ ಇನ್ನೊಂದು ಒಳಗೆ ನುಗ್ಗಬಹುದು," ಅಂದಳು ಗುಬ್ಬಿ. ಇಟ್ಟೆವು. ಅಷ್ಟರಲ್ಲಿ ಅವಳ ಅಪ್ಪನ ಕಿಡ್ನಿಯೂ ಸೋತಿತ್ತು. ಅಂಥವರಿಗೆ ಸುಮ್ಮನೆ ಕೊಡುವಂಥ ಔಷಧಿಗಳಲ್ಲ, ಮೊದಲು ಪ್ಲೇಟು ಹೇಳಲಿ ಎಂದರು ಡಾಕ್ಟರು.

ಬೆಳಗ್ಗೆ ನಾನು ಪ್ಲೇಟು ತೆಗೆಯುವ ಮೊದಲೇ ಅವಳ ಅಪ್ಪ ತೀರಿಕೊಂಡರು. ಆದರೂ ತೆಗೆದು ನೋಡಿದೆ. ಎಲ್ಲ ಕಡೆ ದಟ್ಟವಾಗಿ ಬೆಳೆದಿತ್ತು. ಎರಡು ಬಿಲ್ಲೆಗಳ ನಡುವೆ ಮಾತ್ರ ತೊಳೆದಿಟ್ಟಂತೆ ಸ್ವಚ್ಛ. ಅದನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು, ಆಮೇಲೆ ಅಳು ಬಂತು.

ವಾರ್ಡಿಗೆ ಹೋದಾಗ, ಅಪ್ಪನ ಕಾಲ ಬಳಿ ಕೂತಿದ್ದ ಗುಬ್ಬಿ ತಲೆಯೆತ್ತಿ, "ಪ್ಲೇಟು ನೋಡಿದ್ರಾ ಅಕ್ಕಾ?" ಎಂದಳು.

"ಪೂರ್ತಿ ಬೆಳೆದಿತ್ತು ಕಣೇ. ಯಾವುದೂ ನಾಟ್ತಿರ್ಲಿಲ್ಲ."

ಅವಳು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಸುಳ್ಳು ಹೇಳಿದ್ದಕ್ಕೆ ನನಗೆ ಒಂಚೂರೂ ನಾಚಿಕೆಯಾಗಲಿಲ್ಲ.

ಆ ವಾರವೇ, ವಾರ್ಡಿನಲ್ಲಿ ಅವಳ ಅಪ್ಪನ ಪಕ್ಕದ ಹಾಸಿಗೆಯಲ್ಲಿದ್ದ ಮುದುಕರ ರಕ್ತದಲ್ಲೂ ಅದೇ ರೋಗಾಣು ಸಿಕ್ಕಿತು. ಅಲ್ಲಿ ಸುಳ್ಳು ನಡೆಯುವುದಿಲ್ಲ. "ಎರಡನ್ನೂ ಒಟ್ಟಿಗೆ ಕೊಡಿ, ನಾಟತ್ತೆ," ಎಂದು ನಾನೇ ಡಾಕ್ಟರಿಗೆ ಹೇಳಿದೆ.

ಗುಬ್ಬಿ ಕೆಲಸಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ಆ ಮುದುಕರು ಕೋಲೂರಿಕೊಂಡು ಲ್ಯಾಬಿನ ಬಾಗಿಲಿಗೆ ಬಂದರು, ಅವಳನ್ನು ಮಾತಾಡಿಸಲೆಂದೇ. "ನಿಮ್ಮಪ್ಪ ಮಾತೆತ್ತಿದ್ರೆ ನಿನ್ನ ಸುದ್ದೀನೇ ಹೇಳೋರಮ್ಮ. ಅವರಿಗೂ ಆ ಎರಡು ಔಷಧಿ ಸೇರಿಸಿ ಕೊಟ್ಟಿದ್ರೆ ನನ್ನ ಹಾಗೇ ಎದ್ದು ಓಡಾಡ್ತಿದ್ರೋ ಏನೋ."

ಗುಬ್ಬಿ ಕುರ್ಚಿ ಎಳೆದು ಅವರನ್ನು ಕೂರಿಸಿದಳು, ನೀರು ಕೊಟ್ಟಳು, ಕೈ ಹಿಡಿದು ಮೆಟ್ಟಿಲಿಳಿಸಿ ಬಂದಳು. ಬಂದವಳು ನನ್ನೆದುರು ನಿಂತಳು.

"ಯಾವ ಎರಡು ಅಕ್ಕಾ?"

"ನೀನು ಹೇಳಿದ್ದೇ."

"ಒಂದು ದಿನ ಮುಂಚೆ ಇಟ್ಟಿದ್ರೆ ಅಪ್ಪ ಉಳೀತಿದ್ರಾ?"

ಹೇಳೋಕಾಗಲ್ಲ ಅನ್ನುವ ಡಾಕ್ಟರುಗಳ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಉಳೀತಿದ್ರು ಅನ್ಸತ್ತೆ."

ಮುದುಕರು ಕೂತಿದ್ದ ಕುರ್ಚಿಯನ್ನು ಅವಳು ಮೊದಲಿದ್ದ ಜಾಗಕ್ಕೆ ಸರಿಸಿಟ್ಟಳು.

"ಆ ಅಜ್ಜ ಬದುಕಿದ್ದು ಒಳ್ಳೇದೇ ಅಕ್ಕಾ," ಎಂದಳು. "ಒಳ್ಳೇದೇ ಅಂತ ಗೊತ್ತು. ಆದ್ರೆ ಮೆಟ್ಟಿಲಿಳಿಸೋವಾಗ ಅವರ ಕೈ ಹಿಡ್ಕೊಂಡೇ, ಇವರು ಹೋಗಿ ಅಪ್ಪ ಇರ್ಬೇಕಿತ್ತು ಅಂದ್ಕೊಂಡೆ."